ಪದಚರ್ಚೆ: 5ನೇ ದಿನಕ್ಕೂ 8ನೇ ತಿಂಗಳಿಗೂ ಒಂದೇ 'ಭ್ರೂಣ'ವೇ?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್. ಮಕ್ಕಳಾಗಲು ಚಿಕಿತ್ಸೆ ಕೊಡುವ ಕಡೆ ಗೋಡೆಗೆ ಹಾಕುವ ಪೋಸ್ಟರ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ವೀರ್ಯಾಣು ಸೇರಿದ ಅಂಡಾಣುವನ್ನು ಲ್ಯಾಬಿನಲ್ಲಿ ಕೆಲವು ದಿನ ಬೆಳೆಸಿ ಗರ್ಭಕೋಶದೊಳಗೆ ಬಿಡುತ್ತಾರೆ. ಅದು ಮೊದಲು ಒಂದೇ ಕೋಶ. 2ನೇ ದಿನ 4 ಕೋಶ, 3ನೇ ದಿನ 8. 4ನೇ ದಿನ ಒತ್ತೊತ್ತಾಗಿ ಸೇರಿಕೊಂಡ ಗುಂಡು. 5ನೇ ದಿನ ಒಳಗೆ ನೀರು ತುಂಬಿದ ಪುಟ್ಟ ಚೆಂಡು, ಅದರ ಒಂದು ಬದಿಯಲ್ಲಿ ಕೋಶಗಳ ಗಂಟು. ಮಗುವಾಗುವುದು ಆ ಗಂಟು, ಸುತ್ತಲಿನ ಪದರದಿಂದ ಮಾಸು ಬೆಳೆಯುತ್ತದೆ. ಮೊದಲಿನ ಒಂಟಿ ಕೋಶಕ್ಕೆ ಪಠ್ಯಪುಸ್ತಕದ 'ಯುಗ್ಮಜ' ಇದೆ. ಉಳಿದವಕ್ಕೆಲ್ಲ ಹಳೇ ಪೋಸ್ಟರಿನಲ್ಲಿ 'ಭ್ರೂಣ' ಅಂತಲೇ ಇದೆ. ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲಿ 'ಭ್ರೂಣಲಿಂಗ ಪತ್ತೆ ಅಪರಾಧ' ಅಂತ ಓದಿದವರಿಗೆ ಭ್ರೂಣ ಎಂದರೆ ಕೈಕಾಲು ಮೂಡಿದ ಕೂಸು. 5ನೇ ದಿನದ್ದು ಕಾಲು ಮಿಲಿಮೀಟರ್ ಕೂಡ ಇರುವುದಿಲ್ಲ. ಅದು ಗರ್ಭಕೋಶದಲ್ಲಿ ನಿಲ್ಲದಿದ್ದಾಗ 'ಭ್ರೂಣ ಹೋಯಿತು' ಎಂದು ಓದುವ ಹೆಂಗಸಿಗೆ ಹೇಗಾಗಬೇಡ?

---

ಯುಗ್ಮಜವೂ ಬೇಡ, ಭ್ರೂಣವೂ ಬೇಡ. ಎರಡೂ ಎರವಲು. ಮೊದಲನೆಯದು 'ಜೋಡಿಮೊಳಕೆ', ಆಮೇಲಿನವೆಲ್ಲ 'ಮೊಳಕೆ'. ಇದರಲ್ಲಿ ಚರ್ಚೆ ಏನಿದೆ?

---

ಇದೆ ಸರ್. ಜೋಡಿಮೊಳಕೆ ಅಂದರೆ ಯಾರಿಗಾದರೂ ಅವಳಿಜವಳಿ ನೆನಪಾಗುತ್ತದೆ, ಅರ್ಥವೇ ಕೆಟ್ಟಿತು. ಗ್ರೀಕಿನಲ್ಲಿ ನೊಗಕ್ಕೆ ಇರುವ ಮಾತಿನಿಂದಲೇ ಯುಗ್ಮಜದ ಇಂಗ್ಲಿಷ್ ಹೆಸರು 'ಜೈಗೋಟ್' ಬಂದದ್ದು, ಸಂಸ್ಕೃತದ ಯುಗ, ಯುಗ್ಮಗಳಿಗೂ ಅದೇ ಬೇರು. ಅಂದರೆ ಯುಗ್ಮಜ ಸುಮ್ನೆ ಕಟ್ಟಿದ ಪದವಲ್ಲ. ಅಪ್ಪನಿಂದ 23, ಅಮ್ಮನಿಂದ 23 ವರ್ಣತಂತು ಒಂದು ನೊಗಕ್ಕೆ ಕಟ್ಟಿದ ಹಾಗೆ ಸೇರಿ 46 ಆಗುವುದು ಅಲ್ಲಿಯೇ. ಹೈಸ್ಕೂಲ್ ಮಕ್ಕಳು ಓದುವ ಪದವನ್ನು ಎರವಲು ಅಂತ ಎಸೆಯಬೇಡಿ. ಉಳಿದವನ್ನು ಇಂಗ್ಲಿಷಿನಲ್ಲಿದ್ದಂತೆ ಕನ್ನಡ ಅಕ್ಷರದಲ್ಲಿ ಬರೆಯಿರಿ, ಡಾಕ್ಟರ್ ಬಾಯಲ್ಲಿ ಕೇಳುವುದೂ ಅದೇ ಅಲ್ವಾ?

---

ಮೇಡಂ, 5ನೇ ದಿನದ ಚೆಂಡಿಗೆ ಇಂಗ್ಲಿಷಿನಲ್ಲಿ 'ಬ್ಲಾಸ್ಟೊಸಿಸ್ಟ್' ಅನ್ನುತ್ತಾರೆ. ಆಸ್ಪತ್ರೆಗೆ ಬರುವ ಹೆಂಗಸರಿಗೆ 'ಸಿಸ್ಟ್' ಎಂದರೆ ಅಂಡಾಶಯದ ನೀರುಗುಳ್ಳೆ. 'ಬ್ಲಾಸ್ಟೊಸಿಸ್ಟ್ ಒಳಗೆ ಬಿಡುತ್ತೇವೆ' ಅಂದರೆ ಕಾಯಿಲೆಯನ್ನೇ ಒಳಗೆ ಹಾಕುತ್ತಾರೆ ಅಂತ ಹೆದರುತ್ತಾರೆ. ಗ್ರೀಕಿನಲ್ಲಿ ಬ್ಲಾಸ್ಟೋಸ್ ಅಂದರೆ ಮೊಳಕೆ, ಕಿಸ್ಟಿಸ್ ಅಂದರೆ ಚೀಲ. 'ಮೊಳಕೆಚೀಲ' ಅಂತ ಹಾಕುತ್ತೇನೆ. ಮೊಳಕೆ ಸೂಚಿಸಿದ ಸರ್‌ಗೆ ಧನ್ಯವಾದ, ಆದರೆ ಎಲ್ಲ ಹಂತಕ್ಕೂ ಮೊಳಕೆ ಅಂದರೆ ಭ್ರೂಣದ ತೊಂದರೆಯೇ ಮತ್ತೆ ಬರುತ್ತದೆ.

4ನೇ ದಿನದ್ದಕ್ಕೆ ಪದ ಇಲ್ಲೇ ಹೊಲದಲ್ಲಿತ್ತು. ಅದರ ಇಂಗ್ಲಿಷ್ ಹೆಸರು ಮೊರುಲಾ, ಹಾಗೆಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಹಿಪ್ಪುನೇರಳೆ ಹಣ್ಣು. ಚಿತ್ರ ನೋಡಿ, ಸಣ್ಣ ಸಣ್ಣ ಗುಂಡುಗಳು ಒಂದಕ್ಕೊಂದು ಅಂಟಿ ಮೈಯೆಲ್ಲ ಉಬ್ಬುಬ್ಬು, ಥೇಟ್ ಹಿಪ್ಪುನೇರಳೆ ಹಣ್ಣು. ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಬೆಳೆಯುವ ಮನೆಯ ಹೆಣ್ಣುಮಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ನೇರಳೆಗುಂಡು' ಅನ್ನೋಣ ಅಂದುಕೊಂಡೆ, ಆದರೆ ಬರೀ ನೇರಳೆ ಬೇರೆ ಹಣ್ಣು, ಮೈ ನುಣುಪು. ಹಾಗಾಗಿ ಉದ್ದ ಆದರೂ 'ಹಿಪ್ಪುನೇರಳೆ ಹಂತ' ಇರಲಿ.

'ಭ್ರೂಣ' ಮುಂದಿನ ವಾರಗಳಿಗೆ ಇರಲಿ. ಇಂಗ್ಲಿಷಿನವರು 8 ವಾರದವರೆಗೆ ಎಂಬ್ರಿಯೊ, ಆಮೇಲೆ ಫೀಟಸ್ ಅನ್ನುತ್ತಾರೆ, ನಾವು ಎರಡಕ್ಕೂ ಒಂದೇ ಮಾತು ಇಟ್ಟುಕೊಂಡಿದ್ದೇವೆ. ಆ ಜಗಳ ಇನ್ನೊಂದು ದಿನ ಆಡೋಣ.

ಒಂದೇ ಒಂದು ಉಳಿಯಿತು. 6-7ನೇ ದಿನ ಮೊಳಕೆಚೀಲ ತನ್ನ ಹೊರಪೊರೆ ಬಿಟ್ಟು ಗರ್ಭಕೋಶದ ಒಳಪದರದೊಳಗೆ ಹೊಕ್ಕು ಕೂರುತ್ತದೆ. ಹಳೇ ಪೋಸ್ಟರಿನಲ್ಲಿ 'ನಾಟಿ' ಅಂತಿದೆ. ನಾಟಿ ಅಂದರೆ ಪೈರು ಕಿತ್ತು ನಾವು ನೆಡುವುದು. ಡಾಕ್ಟರ್ ಒಳಗೆ ಬಿಡುತ್ತಾರೆ ಅಷ್ಟೇ, ಹಿಡಿದುಕೊಳ್ಳುವುದು ಅದೇ. 'ಬೇರೂರುವುದು' ಅಂತ ತಿದ್ದುತ್ತಿದ್ದೇನೆ. ಯಾರದಾದರೂ ತಕರಾರು ಇದ್ದರೆ ನಾಳೆ 4 ಗಂಟೆಯೊಳಗೆ ಬರೆಯಿರಿ.