ಆಸ್ಟ್ರೇಲಿಯಾದಲ್ಲಿ ಹಳೇ ವ್ಯಾನ್ ತಗೊಂಡು ಸುತ್ತಿದವರು ಯಾರಾದರೂ ಇದ್ದೀರಾ? ಅನುಭವ ಹೇಳಿ

ಬೆಣ್ಣೆದೋಸೆ_27:
462 ವೀಸಾ (ಕೆಲಸ ಮಾಡುತ್ತಾ ಸುತ್ತುವ ವೀಸಾ) ಲಾಟರಿಯಲ್ಲಿ ನನ್ನ ಹೆಸರು ಬಂತು. ಈಗ ಮೆಲ್ಬರ್ನ್‌ನಲ್ಲಿದ್ದೇನೆ. ಇಲ್ಲಿಂದ ಕೇರ್ನ್ಸ್‌ವರೆಗೆ ನಾಲ್ಕು ತಿಂಗಳು ಸುತ್ತುವ ಆಸೆ. 1999ರ ಟೊಯೊಟಾ ಹಯಾಸ್ ವ್ಯಾನ್ ಒಂದು ನೋಡಿದ್ದೇನೆ. 3,80,000 ಕಿ.ಮೀ. ಓಡಿದೆ, ಒಳಗೆ ಹಾಸಿಗೆ, ಒಲೆ ಇದೆ. 5,500 ಡಾಲರ್ ಹೇಳುತ್ತಿದ್ದಾರೆ, ರೆಗೊ (ಗಾಡಿ ನೋಂದಣಿ) ಇನ್ನು ಎರಡೇ ತಿಂಗಳು. ತಗೊಳ್ಳಬಹುದಾ?

ಕಾಫಿನಾಡು_ಪರ್ತ್:
ನನ್ನ ಕಥೆ ಕೇಳಿ, ಆಮೇಲೆ ನಿರ್ಧಾರ ಮಾಡಿ. ಓದು ಮುಗಿದ ಮೇಲೆ ಸಿಡ್ನಿಯಲ್ಲಿ 4,800 ಡಾಲರ್ ಕೊಟ್ಟು ಒಂದು ಪೆಟ್ರೋಲ್ ವ್ಯಾನ್ ತಗೊಂಡೆ. ನೋಡಲು ಹೋದ ದಿನ ಆಯಿಲ್ ಹಾಕುವ ಕ್ಯಾಪ್ ತಿರುಗಿಸಿ ತೆಗೆದೆ. ಅದರ ಒಳಮೈಗೆ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣದ ಅಂಟು ಮೆತ್ತಿಕೊಂಡಿತ್ತು. ಬೆರಳಲ್ಲಿ ಮುಟ್ಟಿದೆ, ಕೆನೆ ಥರ ಬಂತು. 'ಚಳಿಗಾಲದಲ್ಲಿ ಹಾಗೇ ಆಗುತ್ತದೆ' ಅಂದರು ಮಾರುವವರು. ನಂಬಿದೆ. ಚಳಿಗೂ ಹಾಗೆ ಆಗುವುದುಂಟು. ಆದರೆ ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಎಂಜಿನ್ ಒಳಗೆ ಸೋರಿದರೂ ಹಾಗೇ ಆಗುತ್ತದೆ.

ಆರು ವಾರಕ್ಕೆ ನಲ್ಲರ್‌ಬೋರ್ ಬಯಲಿನಲ್ಲಿ ಹೆಡ್ ಗ್ಯಾಸ್ಕೆಟ್ (ಕೂಲೆಂಟ್ ಸೋರದಂತೆ ತಡೆಯುವ ಎಂಜಿನ್ ಸೀಲ್) ಹೋಯಿತು. ಕೈಗುನಾದಿಂದ ಬಲ್ಲಡೋನಿಯಾ ಕಡೆಗೆ 146.6 ಕಿ.ಮೀ. ಒಂದೇ ನೇರ ರಸ್ತೆ, ಅದರ ಮಧ್ಯದಲ್ಲಿ. ಮೊಬೈಲ್ ಸಿಗ್ನಲ್ ಇಲ್ಲ. ಒಬ್ಬ ಟ್ರಕ್ ಡ್ರೈವರ್ ತನ್ನ ರೇಡಿಯೋದಲ್ಲಿ ಸುದ್ದಿ ಮುಟ್ಟಿಸಿದ. ಗಾಡಿ ಕೆಟ್ಟರೆ ನೆರವಿಗೆ ಅಂತ ಇದ್ದ ನನ್ನ ರೋಡ್‌ಸೈಡ್ ಪ್ಲಾನ್‌ನಲ್ಲಿ 20 ಕಿ.ಮೀ. ಮಾತ್ರ ಎಳೆಯುತ್ತಿದ್ದರು, ನಾರ್ಸ್‌ಮನ್‌ವರೆಗೆ ಎಳೆಸಲು 1,650. ಮೆಕ್ಯಾನಿಕ್ ಬಿಚ್ಚಿ ನೋಡಿದ್ದಕ್ಕೆ 180. ಮೋಟೆಲ್ ಆರು ರಾತ್ರಿ, 115ರಂತೆ 690. ರಿಪೇರಿಗೆ 3,900 ಕೇಳಿದರು, ಬಿಟ್ಟೆ. ಗುಜರಿಗೆ 300 ಬಂತು. ಒಟ್ಟು 7,020 ಡಾಲರ್ ಹೋಯಿತು. ಆ ದುಡ್ಡು ಒಂದು ವರ್ಷ ರಾತ್ರಿ ಪಾಳಿಯಲ್ಲಿ ಉಳಿಸಿದ್ದು. ಕಾಲ್ಗೂರ್ಲಿವರೆಗೆ ಯಾರದೋ ಕಾರಲ್ಲಿ ಹೋಗಿ, ಅಲ್ಲಿಂದ ರೈಲು ಹಿಡಿದು ಪರ್ತ್ ಸೇರಿದೆ. ದಯವಿಟ್ಟು ತಗೊಳ್ಳಬೇಡಿ.

ಶಿರಸಿ_ಅಕ್ಕ:
ನಿಮಗಾದ ನಷ್ಟಕ್ಕೆ ಬೇಜಾರಾಯಿತು. ಆದರೆ ಎಲ್ಲಾ ವ್ಯಾನೂ ಹಾಗಲ್ಲ. ನಾವಿಬ್ಬರೂ ಡಾರ್ವಿನ್‌ನಲ್ಲಿ ತಗೊಂಡೆವು. ಮಳೆಗಾಲ ಶುರುವಾಗುವ ಹೊತ್ತು, ಊರಿಗೆ ಹೊರಟವರು ಬೇಗ ಮಾರಬೇಕಿತ್ತು. 6,500 ಹೇಳಿದ್ದು 5,200ಕ್ಕೆ ಬಂತು. ಮೊದಲು 2 ಡಾಲರ್ ಕೊಟ್ಟು ಪಿಪಿಎಸ್‌ಆರ್ (ಗಾಡಿ ಮೇಲಿನ ಸಾಲದ ಸರ್ಕಾರಿ ದಾಖಲೆ) ನೋಡಿದೆವು, ಗಾಡಿ ಮೇಲೆ ಯಾರ ಸಾಲವೂ ಇರಲಿಲ್ಲ. 250 ಕೊಟ್ಟು ಬೇರೆ ಮೆಕ್ಯಾನಿಕ್ ಹತ್ತಿರ ತೋರಿಸಿದೆವು. ಐದು ತಿಂಗಳು, 14,000 ಕಿ.ಮೀ. ಟೈರ್ ಎರಡು, ಬ್ಯಾಟರಿ ಒಂದು, ಅಷ್ಟೇ. 5,500ಕ್ಕೆ ಮಾರಿ ಬಂದೆವು. ಚಿಲ್ ಬಾಕ್ಸ್‌ನಲ್ಲಿ ಐಸ್ ಇಲ್ಲದೆ ದೋಸೆ ಹಿಟ್ಟು ಇಟ್ಟರೆ, ಆ ಸೆಕೆಗೆ ನಾಲ್ಕು ಗಂಟೆಯಲ್ಲಿ ಉಬ್ಬಿ ಮುಚ್ಚಳ ಎತ್ತುತ್ತಿತ್ತು! ವೆಸ್ಟರ್ನ್ ಆಸ್ಟ್ರೇಲಿಯಾ ನಂಬರ್ ಪ್ಲೇಟ್ ಇರುವ ಗಾಡಿಯನ್ನೇ ಹುಡುಕಿ. ತಪಾಸಣೆ ಇಲ್ಲದೆ ಹೆಸರು ಬದಲಾಗುತ್ತದೆ, ರೆಗೊ ಎಲ್ಲಿಂದ ಬೇಕಾದರೂ ಆನ್‌ಲೈನ್‌ನಲ್ಲೇ ಕಟ್ಟಬಹುದು.

ಮಂಡ್ಯ_ಮೆಲ್ಬರ್ನ್:
ಅಕ್ಕಾ, ಈ ಸಲಹೆ ಹುಷಾರಾಗಿ ಕೊಡಿ. ಬೇರೆ ರಾಜ್ಯದ ಪ್ಲೇಟ್ ಇಟ್ಟುಕೊಂಡು ವಿಕ್ಟೋರಿಯಾದಲ್ಲೇ 3 ತಿಂಗಳು ದಾಟಿದರೆ ಇಲ್ಲಿನ ರೆಗೊ ಮಾಡಿಸಬೇಕು. ತಪಾಸಣೆ ಇಲ್ಲ ಅನ್ನುವುದು ಲಾಭ ಅಂತ ಹೇಗೆ ಹೇಳುತ್ತೀರಿ? ಬ್ರೇಕ್ ಸರಿ ಇದೆಯೋ ಇಲ್ಲವೋ ಯಾರೂ ನೋಡಿರುವುದೇ ಇಲ್ಲ ಅಂತ ಅಲ್ವಾ ಅರ್ಥ? ವಿಕ್ಟೋರಿಯಾದಲ್ಲಿ ರೆಗೊ ಇರುವ ಗಾಡಿ ಮಾರುವವರೇ ರೋಡ್‌ವರ್ದಿ ಸರ್ಟಿಫಿಕೇಟ್ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಕೊಡಬೇಕು.

ಇನ್ನೊಂದು. ರೆಗೊ ಜೊತೆ ಬರುವ ಇನ್ಶೂರೆನ್ಸ್ ಜನರ ಗಾಯಕ್ಕೆ ಮಾತ್ರ. ನಾನು ಅದೇ ಸಾಕು ಅಂದುಕೊಂಡಿದ್ದೆ. ಪಾರ್ಕಿಂಗ್‌ನಲ್ಲಿ ಹಿಂದೆ ತೆಗೆಯುವಾಗ ಹೊಸ ಕಾರಿನ ಬಾಗಿಲಿಗೆ ತಗುಲಿತು. 4,300 ಡಾಲರ್, ಕಂತಿನಲ್ಲಿ ಹನ್ನೊಂದು ತಿಂಗಳು ಕಟ್ಟಿದೆ. ಬೇರೆಯವರ ಗಾಡಿಗೆ ಆದ ಹಾನಿ ತುಂಬುವ ಥರ್ಡ್ ಪಾರ್ಟಿ ಪ್ರಾಪರ್ಟಿ ಇನ್ಶೂರೆನ್ಸ್ ಬೇರೆ ಮಾಡಿಸಿ.

ಶಿರಸಿ_ಅಕ್ಕ:
ನಾನು ಬ್ರೇಕ್ ನೋಡಬೇಡಿ ಅಂದೆನಾ? 250 ಕೊಟ್ಟು ತೋರಿಸಿದೆವು ಅಂತ ಬರೆದಿದ್ದು ನಿಮಗೆ ಕಾಣಲಿಲ್ಲವಾ? ಅವರು ಕೇರ್ನ್ಸ್‌ಗೆ ಹೋಗುವವರು, ಒಂದೇ ಕಡೆ 3 ತಿಂಗಳು ಕೂರುವುದಿಲ್ಲ.

ಹುಬ್ಬಳ್ಳಿ_ಮಿರ್ಚಿ:
ಯಾಕ್ರೀ ಕೊಳ್ಳೋದು? ಬಾಡಿಗೆ ಕಂಪನಿಗಳು ಒಂದೂರಿಂದ ಇನ್ನೊಂದೂರಿಗೆ ವ್ಯಾನ್ ಮುಟ್ಟಿಸಲು ದಿನಕ್ಕೆ 1 ಡಾಲರ್‌ಗೆ ಕೊಡ್ತಾವ. ನಾನು ಹಂಗೇ ಮೂರು ಸಲ ಓಡಿಸೀನಿ. ಒಂದು ಬೋಲ್ಟೂ ಬಿಚ್ಚಿಲ್ಲ.

ಕಾಫಿನಾಡು_ಪರ್ತ್:
ನಾಲ್ಕು ದಿನದಲ್ಲಿ ಗಾಡಿ ಒಪ್ಪಿಸಬೇಕು ಸರ್. ಅದು ಪ್ರವಾಸ ಅಲ್ಲ, ಡ್ರೈವರ್ ಕೆಲಸ.

ಹುಬ್ಬಳ್ಳಿ_ಮಿರ್ಚಿ:
ನಿಮ್ಮ ಗಾಡಿ ಗುಜರಿಗೆ ಹೋತು ಅಂತ ನನ್ನ ಮ್ಯಾಲೆ ಸಿಟ್ಟು ಯಾಕ್ರೀ? ನಾನು ಕಾಂಗರೂ ನೋಡೀನಿ, ಸಮುದ್ರ ನೋಡೀನಿ, ದುಡ್ಡೂ ಉಳಿಸೀನಿ.

ಮಂಡ್ಯ_ಮೆಲ್ಬರ್ನ್:
ಕಾಂಗರೂ ಅಂದಿರಿ, ಹೇಳಲೇಬೇಕು. ಮುಂಜಾನೆ, ಮುಸ್ಸಂಜೆ ಅವು ರಸ್ತೆಗೆ ಅಡ್ಡ ಬರುತ್ತವೆ, ಆಗ ಹೈವೇಯಲ್ಲಿ ಓಡಿಸಬೇಡಿ. ಬಾಡಿಗೆ ಗಾಡಿಗಳಿಗೂ ಊರಾಚೆ ಕತ್ತಲಾದ ಮೇಲೆ ಓಡಿಸಬಾರದು ಅಂತ ಕರಾರು ಇರುತ್ತದೆ, ಓದಿ ನೋಡಿ.

ಶಿರಸಿ_ಅಕ್ಕ:
ಪರ್ತ್ ಕಡೆ ಹೋಗುವ ಯೋಚನೆ ಬಂದರೆ ಹಣ್ಣು, ತರಕಾರಿ, ಜೇನು ತುಂಬಿಕೊಳ್ಳಬೇಡಿ. ರಾಜ್ಯದ ಗಡಿಯಲ್ಲಿ ತೆಗೆದುಕೊಳ್ಳುತ್ತಾರೆ. ನಮ್ಮದು ಒಂದು ಡಬ್ಬಿ ಜೇನು, ಒಂದು ಕೆಜಿ ಹಸಿಮೆಣಸು ಹೋಯಿತು. ಆ ಮೆಣಸು ಹುಡುಕಲು ಅಡಿಲೇಡ್‌ನಲ್ಲಿ ಅರ್ಧ ದಿನ ಅಲೆದಿದ್ದೆ.

ಬೆಣ್ಣೆದೋಸೆ_27:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ವ್ಯಾನ್ ನೋಡಿ ಬಂದೆ. ಕ್ಯಾಪ್ ತೆಗೆದೆ, ಕಪ್ಪು ಎಣ್ಣೆ ಮಾತ್ರ, ಕೆನೆ ಥರದ ಅಂಟು ಇಲ್ಲ. ಆದರೆ ನಾನು ಹೋಗುವ ಮೊದಲೇ ಎಂಜಿನ್ ಬಿಸಿ ಇತ್ತು. ಸೀಟಿನ ಕೆಳಗಿನ ಎಂಜಿನ್ ಕವರ್ ಮೇಲೆ ಕೈ ಇಡಲು ಆಗಲಿಲ್ಲ.

ಕಾಫಿನಾಡು_ಪರ್ತ್:
ಮುಂಗಡ ಕೊಟ್ಟಿಲ್ಲ ತಾನೇ? ಮೊದಲೇ ಬಿಸಿ ಮಾಡಿಟ್ಟರೆ ಎಂಜಿನ್ ತೊಂದರೆ ಕಾಣದೇ ಹೋಗಬಹುದು. ನಾಳೆ ಬೆಳಗ್ಗೆ ಏಳಕ್ಕೆ ಹೋಗಿ, ಹೇಳದೆ ಹೋಗಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ, ಹಿಂದೆ ನಿಂತು ಹೊಗೆ ನೋಡಿ.

ಶಿರಸಿ_ಅಕ್ಕ:
ನಮ್ಮ ವ್ಯಾನೂ ಅವತ್ತು ಬಿಸಿ ಇತ್ತು. ಅವರು ಪೆಟ್ರೋಲ್ ಹಾಕಿಸಿಕೊಂಡು ಬಂದಿದ್ದರು ಅಷ್ಟೇ.

ಕಾಫಿನಾಡು_ಪರ್ತ್:
ಅಕ್ಕಾ, ನೀವು ಟೋ ಟ್ರಕ್‌ನಲ್ಲಿ ಕೂತು ಮೀಟರ್ ನೋಡಿಲ್ಲ. ನಾನು ನೋಡಿದ್ದೇನೆ.