ಸಹಾಯ ಬೇಕು: ಐಫೋನ್ 17 ಬರುವವರೆಗೆ ಕಾಯಬೇಕೇ, ಈಗಲೇ 16 ಕೊಳ್ಳಬೇಕೇ?

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಇದನ್ನು 2025ರ ಆಗಸ್ಟ್‌ನಲ್ಲಿ ಬರೆಯುತ್ತಿದ್ದೇನೆ.

ನಾನು ಧಾರವಾಡದ ಸಪ್ತಾಪುರದವನು. ಮದುವೆ, ಸೀಮಂತಗಳ ಚಿಕ್ಕ ವಿಡಿಯೋ ಮಾಡಿಕೊಡುವ ನನ್ನ ಕೆಲಸಕ್ಕೆ ಐದು ವರ್ಷಗಳಿಂದ ಒಂದೇ ಫೋನ್ ಬಳಸುತ್ತಿದ್ದು, ಅದರ ಚಾರ್ಜಿಂಗ್ ಪಿನ್ ಎಷ್ಟು ಸಡಿಲವಾಗಿದೆಯೆಂದರೆ, ವೈರನ್ನು ಎಡಕ್ಕೆ ಬಗ್ಗಿಸಿ ಮೇಲೆ ಚಪಾತಿ ಮಣೆ ಇಟ್ಟರೆ ಮಾತ್ರ ಚಾರ್ಜ್ ಆಗುತ್ತದೆ. (ನಮ್ಮದು ರೊಟ್ಟಿ ಬಡಿಯುವ ಮನೆಯಾದ್ದರಿಂದ ಮಣೆ ಸದಾ ಖಾಲಿಯೇ ಇರುತ್ತದೆ.) ಎರಡು ಸಲ ರಿಪೇರಿ ಮಾಡಿಸಿದರೂ ಉಪಯೋಗವಾಗಲಿಲ್ಲ.

2023ರಲ್ಲಿ ಐಫೋನ್ 15, 2024ರಲ್ಲಿ 16, ಎರಡೂ ಸೆಪ್ಟೆಂಬರ್‌ನಲ್ಲೇ ಬಂದವು. ಎರಡರ ಆರಂಭಿಕ ಬೆಲೆಯೂ 79,900 ರೂಪಾಯಿ. 16 ಪ್ರಕಟವಾದ ಕೂಡಲೇ ಕಂಪನಿಯು 15ರ ಬೆಲೆಯನ್ನು 69,900ಕ್ಕೆ ಇಳಿಸಿತ್ತು. ಬರುವ ತಿಂಗಳು 17 ಬಂದರೆ 16ರ ಮೇಲೂ ಹತ್ತು ಸಾವಿರ ಉಳಿಯಬಹುದೆಂದು ನನ್ನ ಲೆಕ್ಕ.

ಆದರೆ ಹುಬ್ಬಳ್ಳಿಯ ಒಂದು ಅಂಗಡಿಯವರು, ಹಳೆಯ ದರಕ್ಕೆ ತಂದಿಟ್ಟ ಮಾಲಿಗೆ ಈ ಇಳಿಕೆ ಅನ್ವಯಿಸುವುದಿಲ್ಲ, ಈಗಿನ ರಿಯಾಯಿತಿಯಲ್ಲೇ ಒಯ್ಯಿರಿ ಎನ್ನುತ್ತಾರೆ. ಇನ್ನೊಂದು ಅಂಗಡಿಯವರಂತೂ ಬೆಲೆಯೇ ಪ್ರಕಟವಾಗದ 17ಕ್ಕೆ ಐದು ಸಾವಿರ ಮುಂಗಡ ಕೇಳಿದರು, ರಸೀದಿ ಕೇಳಿದಾಗ, "ನಂಬಿಕಿ ಇಲ್ಲೇನ್ರೀ?" ಎಂದು ನಕ್ಕರು. ನಾನು ಕೊಡಲಿಲ್ಲ. ಶ್ರಾವಣದ ಮದುವೆಗಳು ಮಾತ್ರ ನನಗಾಗಿ ಕಾಯುವುದಿಲ್ಲ.

ಕಳೆದ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿ-ಧಾರವಾಡದ ಅಂಗಡಿಗಳಲ್ಲೇ ಐಫೋನ್ 15 ಕೊಂಡವರು ದಯವಿಟ್ಟು ತಿಳಿಸಿ: ಇಳಿದ ಬೆಲೆ ಪ್ರಕಟಣೆಯ ದಿನವೇ ನಿಮಗೆ ದೊರೆಯಿತೇ, ಇಲ್ಲವಾದರೆ ಎಷ್ಟು ದಿನ ಕಾಯಬೇಕಾಯಿತು?