ರಾಬೆನ್ ದ್ವೀಪದ ಸೆರೆಮನೆಯನ್ನು ‘ವಿಶ್ವವಿದ್ಯಾಲಯ’ ಎನ್ನುವುದು ಎಷ್ಟು ಸರಿ?

ಪ್ರಶ್ನೆ

ವರ್ಣಭೇದ ನೀತಿಯ ಕಾಲದಲ್ಲಿ ದಕ್ಷಿಣ ಆಫ್ರಿಕದ ರಾಜಕೀಯ ಕೈದಿಗಳನ್ನು ಇರಿಸಿದ್ದ ರಾಬೆನ್ ದ್ವೀಪವನ್ನು ಹಲವರು ವಿಶ್ವವಿದ್ಯಾಲಯವೆಂದು ಕೊಂಡಾಡುತ್ತಾರೆ. ಅದೇ ಬರಹಗಳಲ್ಲಿ ಸುಣ್ಣದ ಕಲ್ಲಿನ ಗಣಿ, ಆರು ತಿಂಗಳಿಗೊಂದು ಪತ್ರ ಎಂಬ ವಿವರಗಳೂ ಇರುತ್ತವೆ. ಪದವಿಗೆ ಓದಲು ಬಿಡುತ್ತಿದ್ದ ಆಡಳಿತವು ದಿನಪತ್ರಿಕೆಯನ್ನು ಮಾತ್ರ ಏಕೆ ನಿಷೇಧಿಸಿತ್ತು? ಅಲ್ಲಿನ ಬದುಕು ನಿಜಕ್ಕೂ ಹೇಗಿತ್ತು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1

ಓದನ್ನು ಆಡಳಿತವು ಹಕ್ಕೆಂದು ಎಂದೂ ಒಪ್ಪಿರಲಿಲ್ಲ; ಅದು ಮನಸ್ಸು ಬಂದಾಗ ಕೊಟ್ಟು, ಮುನಿದಾಗ ಕಿತ್ತುಕೊಳ್ಳುವ ಸವಲತ್ತಾಗಿತ್ತು. ಅಲ್ಲಿನ ಬದುಕೆಲ್ಲ ಇಂತಹ ಸಣ್ಣಪುಟ್ಟ ಸವಲತ್ತುಗಳ ಸುತ್ತಲಿನ ಜಗ್ಗಾಟವೇ ಆಗಿತ್ತು.

ಸರ್ಕಾರವನ್ನು ಉರುಳಿಸಲು ವಿಧ್ವಂಸಕ ಕೃತ್ಯಗಳ ಸಂಚು ಹೂಡಿದರೆಂಬ ರಿವೋನಿಯಾ ಮೊಕದ್ದಮೆಯಲ್ಲಿ 1964ರ ಜೂನ್‌ನಲ್ಲಿ ಎಂಟು ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. ಅವರಲ್ಲಿ ಬಿಳಿಯರಾಗಿದ್ದ ಡೆನಿಸ್ ಗೋಲ್ಡ್‌ಬರ್ಗ್ ಅವರನ್ನು ಪ್ರಿಟೋರಿಯದಲ್ಲಿ ಉಳಿಸಿಕೊಂಡು, ನೆಲ್ಸನ್ ಮಂಡೇಲ, ವಾಲ್ಟರ್ ಸಿಸುಲು, ಅಹ್ಮದ್ ಕತ್ರಾಡ ಮೊದಲಾದ ಏಳು ಮಂದಿಯನ್ನು ದ್ವೀಪಕ್ಕೆ ಒಯ್ದರು. ಬಣ್ಣದ ಲೆಕ್ಕಾಚಾರ ಅಲ್ಲಿಗೂ ಮುಗಿಯಲಿಲ್ಲ: ಒಂದೇ ಶಿಕ್ಷೆ ಪಡೆದಿದ್ದರೂ ಭಾರತೀಯ ಮೂಲದ ಕತ್ರಾಡರಿಗೆ ಉದ್ದನೆಯ ಪ್ಯಾಂಟು ಮತ್ತು ಬ್ರೆಡ್ಡು ಸಿಕ್ಕಿದರೆ, ಮಂಡೇಲರಿಗೆ ಗಿಡ್ಡ ಚಡ್ಡಿ, ಬ್ರೆಡ್ಡಿಲ್ಲದ ಊಟ.

ಕೈದಿಗಳಲ್ಲಿ ಎ, ಬಿ, ಸಿ, ಡಿ ಎಂಬ ದರ್ಜೆಗಳಿದ್ದವು. ರಾಜಕೀಯ ಕೈದಿಗಳನ್ನು ಬಂದೊಡನೆ ಕಟ್ಟಕಡೆಯ ಡಿ ದರ್ಜೆಗೆ ಸೇರಿಸುತ್ತಿದ್ದರು. ಆ ದರ್ಜೆಯವರಿಗೆ ಆರು ತಿಂಗಳಿಗೆ 500 ಪದಗಳ ಒಂದು ಪತ್ರ, ಅರ್ಧ ಗಂಟೆಯ ಒಂದು ಭೇಟಿ ಮಾತ್ರ. ಭೇಟಿಯಲ್ಲಿ ಮನೆಯ ಸಂಗತಿ ಬಿಟ್ಟು ಬೇರೇನನ್ನೂ ಆಡುವಂತಿರಲಿಲ್ಲ. ತಾಯಿ 1968ರಲ್ಲಿ, ಹಿರಿಯ ಮಗ 1969ರಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಗೆ ಹೋಗಲು ಮಂಡೇಲರಿಗೆ ಅನುಮತಿ ಸಿಗಲಿಲ್ಲ. ಗಣಿಯ ಕೆಲಸ ಆರು ತಿಂಗಳು ಮಾತ್ರವೆಂದು 1965ರಲ್ಲಿ ಹೇಳಿದ್ದರಾದರೂ ಅದು 13 ವರ್ಷ ನಡೆಯಿತು. ಬಿಳಿ ಕಲ್ಲಿನ ಮೇಲಿನ ಬಿಸಿಲಿನ ಝಳಕ್ಕೆ ಕಣ್ಣು ಕೆಡುತ್ತಿದ್ದರೂ ಕಪ್ಪು ಕನ್ನಡಕಕ್ಕಾಗಿ ಸುಮಾರು ಮೂರು ವರ್ಷ ಕೇಳಬೇಕಾಯಿತು. ದಿನಪತ್ರಿಕೆಗೆ ಅನುಮತಿ ದೊರೆತದ್ದು 1980ರಲ್ಲಿ. ಪಠ್ಯಪುಸ್ತಕ ಓದಿದ ಕೈದಿಗಿಂತ ಹೊರಗಿನ ಸುದ್ದಿ ತಿಳಿದ ಕೈದಿಯೇ ಆಡಳಿತಕ್ಕೆ ಹೆಚ್ಚು ಅಪಾಯಕಾರಿಯಾಗಿ ಕಂಡಿರಬೇಕೆಂಬುದು ನನ್ನ ಅಭಿಪ್ರಾಯ.

ಉತ್ತರ 2

ಸವಲತ್ತನ್ನು ಕಿತ್ತುಕೊಂಡದ್ದಕ್ಕೆ ಒಂದು ಉದಾಹರಣೆಯನ್ನು ಸೇರಿಸಬಯಸುತ್ತೇನೆ. ಮಂಡೇಲ ತಮ್ಮ ಆತ್ಮಕಥೆಯನ್ನು ಗುಟ್ಟಾಗಿ ಬರೆದಾಗ, ಸಹಕೈದಿ ಮ್ಯಾಕ್ ಮಹಾರಾಜ್ ಅದನ್ನು ಅತಿ ಸಣ್ಣ ಅಕ್ಷರಗಳಲ್ಲಿ ನಕಲು ಮಾಡಿ, 1976ರಲ್ಲಿ ಬಿಡುಗಡೆಯಾದಾಗ ಹೊರಗೆ ಸಾಗಿಸಿದರು. ಅಂಗಳದಲ್ಲಿ ಹೂತಿಟ್ಟಿದ್ದ ಮೂಲಪ್ರತಿ ಮಾತ್ರ 1977ರಲ್ಲಿ ಅಧಿಕಾರಿಗಳ ಕೈಗೆ ಸಿಕ್ಕಿತು. ಅದರಲ್ಲಿ ಕತ್ರಾಡ ಮತ್ತು ಸಿಸುಲು ಅವರ ಕೈಬರಹವೂ ಇದ್ದುದರಿಂದ ಮೂವರ ಓದಿನ ಅನುಮತಿಯೂ ನಾಲ್ಕು ವರ್ಷ ರದ್ದಾಯಿತು.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು. ಹಾಗಾದರೆ ‘ವಿಶ್ವವಿದ್ಯಾಲಯ’ ಎಂಬುದು ಬರಿಯ ಭಾವುಕ ಮಾತು ಎಂದುಕೊಳ್ಳಬಹುದೇ?

ಉತ್ತರ 3

ಹಾಗೆ ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ಮೊದಲ ಉತ್ತರದಲ್ಲಿ ಆಡಳಿತ ಏನು ಕೊಟ್ಟಿತು, ಏನು ಕಸಿಯಿತು ಎಂಬುದಷ್ಟೇ ಇದೆ. ಕೈದಿಗಳು ತಾವಾಗಿ ಕಟ್ಟಿಕೊಂಡದ್ದರ ಪ್ರಸ್ತಾಪವಿಲ್ಲ. ಗಣಿಯಲ್ಲಿ ಸಲಿಕೆ ಹಿಡಿದುಕೊಂಡೇ ಒಬ್ಬರು ಇತಿಹಾಸವನ್ನು ಹೇಳುತ್ತಿದ್ದರು, ಉಳಿದವರು ಕೇಳುತ್ತ ಚರ್ಚಿಸುತ್ತಿದ್ದರು. ಅಕ್ಷರ ಬಾರದೆ ಬಂದ ಎಷ್ಟೋ ಮಂದಿ ಸಹಕೈದಿಗಳಿಂದಲೇ ಓದುಬರಹ ಕಲಿತರು. ಬೇರೆ ಬೇರೆ ವಿಭಾಗಗಳ ನಡುವೆ ಬೆಂಕಿಪೊಟ್ಟಣದ ಸುಳ್ಳು ತಳದಲ್ಲಿ ಚೀಟಿಗಳು ಓಡಾಡುತ್ತಿದ್ದವು. 1966ರ ಉಪವಾಸ ಮುಷ್ಕರ ದ್ವೀಪದಾದ್ಯಂತ ಹಬ್ಬಿತ್ತೆಂದರೆ ಆ ಸಂಪರ್ಕ ಎಷ್ಟು ಗಟ್ಟಿಯಾಗಿತ್ತೆಂದು ಊಹಿಸಬಹುದು.

ಇದರ ಬೆಲೆ ತಿಳಿಯಬೇಕಾದರೆ ಅದೇ ದ್ವೀಪದಲ್ಲಿದ್ದ ರಾಬರ್ಟ್ ಸೊಬುಕ್ವೆ ಅವರನ್ನು ನೋಡಬೇಕು. ವರ್ಣಭೇದ ನೀತಿಯನ್ನು ವಿರೋಧಿಸುತ್ತಿದ್ದ ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್ ಪಕ್ಷದ ಈ ನಾಯಕರ ಶಿಕ್ಷೆ 1963ರಲ್ಲೇ ಮುಗಿದಿತ್ತು. ಆದರೆ ಸಂಸತ್ತು ಅವರಿಗಾಗಿಯೇ ಎಂಬಂತೆ ಒಂದು ಕಲಮನ್ನು ತಂದು, ಅದನ್ನು ವರ್ಷವರ್ಷವೂ ನವೀಕರಿಸುತ್ತ, 1969ರವರೆಗೆ ಅವರನ್ನು ದ್ವೀಪದ ಪ್ರತ್ಯೇಕ ಮನೆಯಲ್ಲಿ ಇರಿಸಿತು. ಗಣಿಯ ದುಡಿಮೆ ಇರಲಿಲ್ಲ, ಸ್ವಂತ ಬಟ್ಟೆ ತೊಡಬಹುದಿತ್ತು, ಪುಸ್ತಕಗಳಿದ್ದವು. ಅಲ್ಲಿಂದಲೇ ಲಂಡನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪದವಿಯನ್ನೂ ಪಡೆದರು. ಬೇರೆ ಕೈದಿಗಳೊಡನೆ ಮಾತಾಡಲು ಮಾತ್ರ ಅವಕಾಶವಿರಲಿಲ್ಲ. ನಿಜವಾದ ಪದವಿಯಿದ್ದ ಆ ಮನೆಯನ್ನು ಯಾರೂ ವಿಶ್ವವಿದ್ಯಾಲಯವೆಂದು ಕರೆಯಲಿಲ್ಲ. ಆ ಹೆಸರು ಗಣಿಗೆ ಬಂತು.